ಕ್ಯಾಂಪಸ್ಸಿನಲ್ಲಿ ಬಿದ್ದ ಪಾರ್ಕಿಂಗ್ ನೋಟಿಸು: ಕಟ್ಟಬೇಕಾ, ಬಿಡಬೇಕಾ?

ಇಂಗ್ಲೆಂಡಿಗೆ ಓದಲು ಹೋದ ನಮ್ಮ ಹುಡುಗರು ಮೂರ್ನಾಲ್ಕು ಜನ ದುಡ್ಡು ಹಾಕಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವುದು ಮಾಮೂಲು. ಅದರ ಹಿಂದೆಯೇ ಒಂದು ದಿನ ವೈಪರಿಗೆ ಸಿಕ್ಕಿಸಿದ ಲಕೋಟೆಯೂ ಬರುತ್ತದೆ. ‘100 ಪೌಂಡ್ ಕಟ್ಟಿ, 14 ದಿನದೊಳಗೆ ಕಟ್ಟಿದರೆ 60’ ಅಂತ ಅದರಲ್ಲಿ ಬರೆದಿರುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತು ಸಾವಿರ ರೂಪಾಯಿಗೂ ಜಾಸ್ತಿ. ರೂಮಿನಲ್ಲಿ ಆಗಲೇ ಎರಡು ಪಾರ್ಟಿ ಹುಟ್ಟಿಕೊಳ್ಳುತ್ತದೆ. ‘ಸುಮ್ನೆ ಕಟ್ಟಿಬಿಡು, ವೀಸಾಕ್ಕೆ ತೊಂದರೆ ಆದೀತು’ ಅನ್ನುವವರು ಒಂದು ಕಡೆ. ‘ಹರಿದು ಬಿಸಾಕು, ಏನೂ ಆಗಲ್ಲ’ ಅನ್ನುವ ಸೀನಿಯರ್‌ಗಳು ಇನ್ನೊಂದು ಕಡೆ. ಸದ್ಯಕ್ಕೆ ಇಬ್ಬರ ಮಾತನ್ನೂ ಪಕ್ಕಕ್ಕಿಡಿ. ಕಟ್ಟಬೇಕೋ ಬೇಡವೋ ಅನ್ನುವುದು ಆ ಕಾಗದದಲ್ಲಿ ಏನಿದೆ ಅನ್ನುವುದರ ಮೇಲೆ ನಿಂತಿದೆ.

ಮೊದಲು: ಕಳಿಸಿದವರು ಯಾರು?

ಕೌನ್ಸಿಲ್ಲಿನ (ಅಂದರೆ ಅಲ್ಲಿನ ನಗರಸಭೆಯ) ಅಥವಾ ಪೊಲೀಸರ ನೋಟಿಸಾದರೆ ಅದಕ್ಕೆ ಬೇರೆಯೇ ಕಾನೂನು, ಈ ಲೇಖನ ಅದಕ್ಕಲ್ಲ. ಖಾಸಗಿ ಕಂಪನಿಯ ನೋಟಿಸಿಗೂ ಕೌನ್ಸಿಲ್ಲಿನ ನೋಟಿಸಿಗೂ ‘ಪಿಸಿಎನ್’ ಅನ್ನುವ ಒಂದೇ ಚುಟುಕು ಹೆಸರು. ನೋಡಲೂ ಹೆಚ್ಚುಕಡಿಮೆ ಒಂದೇ ಥರ. ಹಾಗಾಗಿ ಮೂಲೆಯಲ್ಲಿರುವ ಕಂಪನಿಯ ಹೆಸರು ನೋಡಿ.

ಖಾಸಗಿ ಕಂಪನಿಗೆ ದಂಡ ಹಾಕುವ ಅಧಿಕಾರ ಇಲ್ಲ. ‘ಬೋರ್ಡ್ ಓದಿ ಇಲ್ಲಿ ಗಾಡಿ ನಿಲ್ಲಿಸಿದಿರಿ ಎಂದರೆ ನಮ್ಮ ಷರತ್ತು ಒಪ್ಪಿದಿರಿ. ಷರತ್ತು ಮುರಿದಿರಿ, ದುಡ್ಡು ಕೊಡಿ’ ಅನ್ನುವುದಷ್ಟೇ ಅದರ ವಾದ. ಇದು ಸಿವಿಲ್ ವ್ಯವಹಾರ. ಪೊಲೀಸ್ ಕೇಸಿಲ್ಲ, ಲೈಸೆನ್ಸಿಗೆ ಪಾಯಿಂಟ್ ಬೀಳುವುದಿಲ್ಲ. ಆದರೆ ಬಿಲ್ಲು ಕೊಡದವರನ್ನು ಅಂಗಡಿಯವನು ಕೋರ್ಟಿಗೆ ಎಳೆಯಬಹುದಲ್ಲ, ಇವರೂ ಹಾಗೆ ಎಳೆಯಬಹುದು. ಎಳೆಯುತ್ತಾರೆ ಕೂಡ.

ಸೀನಿಯರ್‌ಗಳ ಮಾತು ಎಲ್ಲಿಂದ ಬಂತು?

‘ಬಿಸಾಕು’ ಅನ್ನುವ ಸಲಹೆ ಒಂದು ಕಾಲಕ್ಕೆ ಸರಿಯಾಗಿಯೇ ಇತ್ತು. ಗಾಡಿ ಓಡಿಸಿದವರು ಯಾರು ಅಂತ ಕಂಪನಿಗೆ ಗೊತ್ತಾಗುತ್ತಿರಲಿಲ್ಲ, ಗೊತ್ತಿಲ್ಲದೆ ಕೇಸು ಹಾಕುವುದು ಕಷ್ಟವಿತ್ತು. 2012ರ ಅಕ್ಟೋಬರಿನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಅದು ಬದಲಾಯಿತು. ಖಾಸಗಿ ಜಾಗದಲ್ಲಿ ಚಕ್ರಕ್ಕೆ ಬೀಗ ಹಾಕುವುದನ್ನು ನಿಲ್ಲಿಸಿದ ಕಾಯ್ದೆಯೇ, ಚಾಲಕ ಯಾರೆಂದು ತಿಳಿಯದಿದ್ದರೆ ಗಾಡಿಯ ‘ಕೀಪರ್’ ಹತ್ತಿರ ವಸೂಲಿ ಮಾಡಬಹುದು ಅಂತಲೂ ಹೇಳಿತು. ಕೀಪರ್ ಎಂದರೆ ಸಾಮಾನ್ಯವಾಗಿ ವಿ5ಸಿ ಕಾಗದದಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಹೆಸರಿರುವವರು. ಗಾಡಿಗಳ ನೋಂದಣಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿವಿಎಲ್‌ಎ 2.50 ಪೌಂಡ್ ತೆಗೆದುಕೊಂಡು ಅವರ ಹೆಸರು, ವಿಳಾಸ ಕೊಡುತ್ತದೆ. ನಾಲ್ಕು ಜನ ಸೇರಿ ಕಾರು ಕೊಂಡಿದ್ದೀರಾ? ಓಡಿಸಿದವರು ಯಾರೇ ಇರಲಿ, ಕಾಗದ ಬರುವುದು ವಿ5ಸಿಯಲ್ಲಿ ಹೆಸರು ಕೊಟ್ಟ ಆ ಒಬ್ಬ ಪಾಪದವನಿಗೆ.

ಆಮೇಲೆ 2015ರಲ್ಲಿ ಬೀವಿಸ್ ಕೇಸು ಬಂತು. ಚೆಲ್ಮ್ಸ್‌ಫರ್ಡಿನ ಒಂದು ಶಾಪಿಂಗ್ ಜಾಗದಲ್ಲಿ ಎರಡು ಗಂಟೆ ಫ್ರೀ ಪಾರ್ಕಿಂಗ್ ಇತ್ತು. ಬೀವಿಸ್ ಅನ್ನುವವರು 56 ನಿಮಿಷ ಹೆಚ್ಚಿಗೆ ನಿಲ್ಲಿಸಿದ್ದರು, ಪಾರ್ಕಿಂಗ್ ಕಂಪನಿ 85 ಪೌಂಡ್ ಕೇಳಿತು. ಅಷ್ಟು ಹೊತ್ತಿಗೆ ಅಷ್ಟು ದುಡ್ಡಾ ಅಂತ ಅವರು ಸುಪ್ರೀಂ ಕೋರ್ಟಿನವರೆಗೆ ಹೋಗಿ ಸೋತರು. ಬೋರ್ಡುಗಳು ದೊಡ್ಡದಾಗಿ, ಎದ್ದು ಕಾಣುವಂತೆ ಇದ್ದವು, ಜಾಗ ಎಲ್ಲರಿಗೂ ಸಿಗುವಂತೆ ನೋಡಿಕೊಳ್ಳಲು ಆ ಮೊತ್ತ ಅತಿಯಾಯಿತು ಅನ್ನಲಾಗದು ಅಂತ ಕೋರ್ಟ್ ಹೇಳಿತು. ಅಂದಿನಿಂದ ‘ಇಷ್ಟು ದುಡ್ಡು ಕೇಳುವುದೇ ಅನ್ಯಾಯ’ ಅನ್ನುವ ವಾದ ಒಂದೇ ಇಟ್ಟುಕೊಂಡು ಗೆಲ್ಲುವುದು ಕಷ್ಟ. ಆದರೆ ಅದೇ ತೀರ್ಪಿನಿಂದ ಬೋರ್ಡು ಹೇಗಿತ್ತು ಅನ್ನುವ ಪ್ರಶ್ನೆಗೆ ತೂಕ ಬಂತು.

ಸ್ಕಾಟ್ಲೆಂಡಿನಲ್ಲಿ ಕೀಪರ್ ಮೇಲೆ ಹೊರಿಸುವ ಈ ನಿಯಮ ಇನ್ನೂ ನಡೆಯುವುದಿಲ್ಲ. ಹಾಗಂತ ಅಲ್ಲಿ ಓದುವವರು ನಿಶ್ಚಿಂತೆಯಿಂದ ಇರುವಂತಿಲ್ಲ. ಡಂಡೀ ನಗರದಲ್ಲಿ ನೋಟಿಸಿನ ಮೇಲೆ ನೋಟಿಸು ಬಂದರೂ ಲೆಕ್ಕಿಸದ ಒಬ್ಬ ಚಾಲಕಿಗೆ 2017ರಲ್ಲಿ ಬಂದ ಬಿಲ್ಲು 24,500 ಪೌಂಡ್.

ಅದೇ ದಿನ ಮಾಡಬೇಕಾದ ಕೆಲಸ

ಫೋನ್ ತೆಗೆದುಕೊಂಡು ಆ ಜಾಗಕ್ಕೆ ವಾಪಸ್ ಹೋಗಿ. ಒಳಗೆ ಬರುವ ದಾರಿಯಲ್ಲಿ ಬೋರ್ಡು ಇದೆಯಾ? ಇದ್ದರೆ ಕಾರಿನ ಸೀಟಿನಲ್ಲಿ ಕೂತಾಗ ಓದಲು ಆಗುತ್ತದಾ? ಹತ್ತಡಿ ಎತ್ತರದ ಕಂಬದಲ್ಲಿ, ಮರದ ಕೊಂಬೆಯ ಮರೆಯಲ್ಲಿ, ‘ಪರ್ಮಿಟ್ ಇದ್ದವರಿಗೆ ಮಾತ್ರ’ ಅಂತ ದಪ್ಪಕ್ಷರದಲ್ಲಿ ಬರೆದು, 100 ಪೌಂಡಿನ ವಿಷಯವನ್ನು ಮಾತ್ರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಹಾಕಿದ್ದಾರಾ? ಎಲ್ಲದರ ಫೋಟೊ ತೆಗೆಯಿರಿ. ಕತ್ತಲಾದ ಮೇಲೆ ನಿಲ್ಲಿಸಿದ್ದರೆ ಕತ್ತಲಲ್ಲೇ ಹೋಗಿ ತೆಗೆಯಿರಿ. ಟಿಕೆಟ್ ಮಿಷನ್ ಕೆಟ್ಟಿದ್ದರೆ ಅದರದ್ದು, ಆ್ಯಪಿನಲ್ಲಿ ದುಡ್ಡು ಕಟ್ಟಿದ್ದರೆ ಅದರ ರಸೀದಿ ಇಟ್ಟುಕೊಳ್ಳಿ. ಗಾಡಿ ನಂಬರ್ ಹೊಡೆಯುವಾಗ ಒಂದು ಅಕ್ಷರ ತಪ್ಪಾಗಿದ್ದರೆ ಅಂಥ ನೋಟಿಸನ್ನು ಕೈಬಿಡಬೇಕು ಅಂತ ಈ ಕಂಪನಿಗಳ ಸಂಘಗಳೇ 2024ರಲ್ಲಿ ಹೊರತಂದ ನಿಯಮಾವಳಿಯಲ್ಲಿದೆ. ದುಡ್ಡು ಕಟ್ಟಿದ ಅವಧಿ ಮುಗಿದ ಮೇಲೆ ಹೊರಡಲು 10 ನಿಮಿಷ ಬಿಡಬೇಕು ಅಂತಲೂ ಇದೆ.

ತಾರೀಕೂ ನೋಡಿ. ಗಾಜಿನ ಮೇಲೆ ಏನೂ ಅಂಟಿಸದೆ, ಕ್ಯಾಮೆರಾ ಹಿಡಿದ ಚಿತ್ರದ ಮೇಲೆ ಅಂಚೆಯಲ್ಲಿ ಕಳಿಸುವ ನೋಟಿಸು 14 ದಿನದೊಳಗೆ ಕೀಪರಿನ ವಿಳಾಸ ತಲುಪಬೇಕು. ತಡವಾದರೆ ಕೀಪರ್ ಮೇಲೆ ಹೊರಿಸುವ ಹಕ್ಕು ಹೋಯಿತು. ಅದಕ್ಕೇ ಉತ್ತರ ಬರೆಯುವಾಗ ‘ನಾನು ನಿಲ್ಲಿಸಿದೆ’ ಅಂತ ಆತುರದಲ್ಲಿ ಬರೆಯಬೇಡಿ. ‘ಗಾಡಿಯ ಕೀಪರ್ ಆಗಿ ಬರೆಯುತ್ತಿದ್ದೇನೆ’ ಎಂದರೆ ಸಾಕು. ಚಾಲಕ ಯಾರೆಂದು ಖಾಸಗಿ ಕಂಪನಿಗೆ ಹೇಳಲೇಬೇಕು ಅಂತ ಇಲ್ಲ. ಸುಳ್ಳು ಮಾತ್ರ ಬರೆಯಬೇಡಿ.

ಕಂಪನಿಗಿಂತ ಮೊದಲು ವಿಶ್ವವಿದ್ಯಾಲಯ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು, ನನ್ನ ಪ್ರಕಾರ ಎಲ್ಲಕ್ಕಿಂತ ಉಪಯೋಗದ್ದೂ ಇದೇ. ಕಂಪನಿ ಬರೀ ಗುತ್ತಿಗೆದಾರ. ಜಾಗದ ಯಜಮಾನ ವಿಶ್ವವಿದ್ಯಾಲಯ, ಅಥವಾ ಹಾಸ್ಟೆಲ್ ಕಟ್ಟಡ ನಡೆಸುವವರು. ‘ಇದನ್ನು ರದ್ದು ಮಾಡಿ’ ಅಂತ ಯಜಮಾನ ಹೇಳಿದರೆ ಕಂಪನಿ ಸಾಮಾನ್ಯವಾಗಿ ಕೇಳುತ್ತದೆ. ಕಟ್ಟಡ, ಜಾಗ ನೋಡಿಕೊಳ್ಳುವ ಎಸ್ಟೇಟ್ಸ್ ವಿಭಾಗಕ್ಕೆ ಚಿಕ್ಕದೊಂದು ಇಮೇಲ್ ಹಾಕಿ, ಸ್ಟೂಡೆಂಟ್ಸ್ ಯೂನಿಯನ್ನಿನ ಸಲಹಾ ಕೇಂದ್ರಕ್ಕೂ ಪ್ರತಿ ಕಳಿಸಿ. ಪರ್ಮಿಟ್ ಇದ್ದೂ ಡ್ಯಾಶ್‌ಬೋರ್ಡಿನಿಂದ ಜಾರಿ ಬಿದ್ದಿತ್ತು, ಪರೀಕ್ಷೆಯ ದಿನ ಹುಷಾರು ತಪ್ಪಿತ್ತು, ಸಾಮಾನು ಇಳಿಸುತ್ತಿದ್ದೆವು, ಇಂಥ ಕಾರಣಗಳಿಗೆ ಕಿವಿ ಕೊಡುವವರು ಇಲ್ಲೇ. ಮುಂದಿನ ಅಪೀಲಿನಲ್ಲಿ ಕನಿಕರಕ್ಕೆ ಜಾಗ ಕಡಿಮೆ.

ಸಾಮಾನಿನ ವಿಷಯಕ್ಕೆ ಒಂದು ತೀರ್ಪೂ ಇದೆ. ತಾನಿದ್ದ ಫ್ಲ್ಯಾಟಿನ ಬಾಗಿಲಲ್ಲಿ ಕಾರು ನಿಲ್ಲಿಸಿ ಡೆಸ್ಕ್ ಇಳಿಸಿದ ಮಹಿಳೆಗೆ ನೋಟಿಸು ಹಾಕಿದ್ದರು. 2016ರಲ್ಲಿ ಆಕ್ಸ್‌ಫರ್ಡಿನ ಕೌಂಟಿ ಕೋರ್ಟಿನ ಜಡ್ಜ್, ಇಳಿಸಲು ಸ್ವಲ್ಪ ಹೊತ್ತು ನಿಲ್ಲುವುದು ಪಾರ್ಕಿಂಗ್ ಆಗುವುದಿಲ್ಲ, ವಾಸವಿರುವವರಿಗೆ ಅವರ ಕರಾರಿನಲ್ಲಿ ಬಂದ ಹಕ್ಕನ್ನು ಪಾರ್ಕಿಂಗ್ ಕಂಪನಿ ಬೋರ್ಡು ನೆಟ್ಟು ಕಿತ್ತುಕೊಳ್ಳುವಂತಿಲ್ಲ ಅಂದರು. ಸೆಪ್ಟೆಂಬರಿನಲ್ಲಿ ಕುಕ್ಕರು, ಹಾಸಿಗೆ, ಅಕ್ಕಿ ಮೂಟೆ ಸಮೇತ ರೂಮಿಗೆ ಬಂದಿಳಿಯುವವರು ನಿಮ್ಮ ಹಾಸ್ಟೆಲ್ ಕರಾರನ್ನು ಒಮ್ಮೆ ಓದಿಕೊಳ್ಳಿ.

‘ಕಟ್ಟದಿದ್ದರೆ ಡಿಗ್ರಿ ತಡೆಹಿಡಿಯುತ್ತಾರಾ?’ ಅನ್ನುವ ಭಯವೂ ಇದೆ. ಕಂಪನಿಗೂ ನಿಮ್ಮ ಡಿಗ್ರಿಗೂ ಸಂಬಂಧವಿಲ್ಲ. ವಿಶ್ವವಿದ್ಯಾಲಯವೇ ಹಾಕಿದ ಪಾರ್ಕಿಂಗ್ ಶುಲ್ಕವಾದರೂ, ಫೀಸಲ್ಲದ ಬಾಕಿಗಾಗಿ ಪದವಿ ತಡೆಯುವಂಥ ಸಾರಾಸಗಟು ನಿಯಮಗಳು ಗ್ರಾಹಕ ಕಾನೂನಿಗೆ ವಿರುದ್ಧವಾಗಬಹುದು ಅಂತ ಅಲ್ಲಿನ ಗ್ರಾಹಕ ಹಿತ ಕಾಯುವ ಸರ್ಕಾರಿ ಕಚೇರಿ 2014ರಲ್ಲೇ ಎಚ್ಚರಿಸಿತ್ತು.

ಅಪೀಲು

28 ದಿನದೊಳಗೆ ಮೊದಲು ಕಂಪನಿಗೇ ಬರೆಯಬೇಕು. ಅವರು ಒಪ್ಪದಿದ್ದರೆ ಎರಡನೇ ಅಪೀಲು ಹೊರಗಿನ ಸಂಸ್ಥೆಗೆ. ಕಂಪನಿ ಯಾವ ಸಂಘದ ಸದಸ್ಯ ಅನ್ನುವುದರ ಮೇಲೆ ಅದು ಪೋಪ್ಲಾ ಅಥವಾ ಐಎಎಸ್ ಆಗಿರುತ್ತದೆ (ನಮ್ಮ ಡಿಸಿ ಸಾಹೇಬರ ಐಎಎಸ್ ಅಲ್ಲ ಬಿಡಿ). ಪೋಪ್ಲಾದಲ್ಲಿ ನಿಮಗೆ ಖರ್ಚಿಲ್ಲ. ಅಲ್ಲಿ ನೀವು ಗೆದ್ದರೆ ಕಂಪನಿ ಒಪ್ಪಲೇಬೇಕು. ಸೋತರೆ ಮಾತ್ರ 60 ಪೌಂಡಿಗೇ ಮುಗಿಸುವ ರಿಯಾಯಿತಿ ಹೋಗಿರುತ್ತದೆ, ಅದು ಗೊತ್ತಿರಲಿ.

ಈಗ ಸೀದಾ ಮಾತು. ಬೋರ್ಡು ಚೆನ್ನಾಗಿ ಕಾಣುತ್ತಿತ್ತು, ನಿಮಗೆ ಪರ್ಮಿಟ್ ಇರಲಿಲ್ಲ, ನೋಟಿಸು ಸರಿಯಾದ ಸಮಯಕ್ಕೆ ಬಂದಿದೆ, ವಿಶ್ವವಿದ್ಯಾಲಯವೂ ‘ಆಗಲ್ಲ’ ಅಂದಿದೆ. ಹಾಗಿದ್ದರೆ 14 ದಿನದೊಳಗೆ 60 ಕಟ್ಟಿ ಮುಗಿಸಿ. ಹಟಕ್ಕೆ ಬಿದ್ದರೆ ಜಾಸ್ತಿ ಕಳೆದುಕೊಳ್ಳುವವರು ನೀವೇ. ಮೇಲಿನ ಯಾವುದಾದರೂ ಒಂದು ನಿಮ್ಮ ಪರ ಇದ್ದರೆ ಮಾತ್ರ ಹೋರಾಡಿ.

ಮುಂದೆ ಬರುವ ಕಾಗದಗಳು

ಸುಮ್ಮನಿದ್ದರೆ ಸಾಲ ವಸೂಲಿಯವರ ಪತ್ರಗಳು ಶುರುವಾಗುತ್ತವೆ. ಮೊತ್ತಕ್ಕೆ 70 ಪೌಂಡ್ ಸೇರಿಸಿರುತ್ತಾರೆ. ಕೆಂಪು ಅಕ್ಷರ, ಗದರಿಕೆ ಎಲ್ಲ ಇರುತ್ತದೆ. ಇವರು ಪತ್ರ ಬರೆಯುವವರು ಅಷ್ಟೇ, ಮನೆಗೆ ನುಗ್ಗಿ ಟಿವಿ ಎತ್ತಿಕೊಂಡು ಹೋಗುವ ಅಧಿಕಾರ ಇವರಿಗಿಲ್ಲ. ‘ಕೇಸು ಹಾಕುತ್ತೇವೆ’ ಅನ್ನುವ ಕೊನೆಯ ಪತ್ರಕ್ಕೆ ಮಾತ್ರ 30 ದಿನದೊಳಗೆ ಉತ್ತರ ಕೊಡಿ. ಕೌಂಟಿ ಕೋರ್ಟಿನಿಂದ ಕೇಸಿನ ಕಾಗದವೇ ಬಂದರೆ, ಅದು ತಲುಪಿತು ಅಂತ 14 ದಿನದೊಳಗೆ ಕೋರ್ಟಿಗೆ ತಿಳಿಸಿ. ಹಾಗೆ ತಿಳಿಸಿದರೆ ನಿಮ್ಮ ವಾದ ಕಳಿಸಲು ಒಟ್ಟು 28 ದಿನ ಸಿಗುತ್ತದೆ.

ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಜೂನಿನಲ್ಲಿ ರೂಮು ಖಾಲಿ ಮಾಡಿರುತ್ತಾರೆ, ವಿ5ಸಿಯಲ್ಲಿ ಹಳೇ ವಿಳಾಸ ಹಾಗೇ ಇರುತ್ತದೆ. ಕೋರ್ಟಿನ ಕಾಗದ ಹಳೇ ಹಾಸ್ಟೆಲಿನ ಅಂಚೆ ಗೂಡಿನಲ್ಲಿ ಕೊಳೆಯುತ್ತದೆ. ಉತ್ತರ ಬರಲಿಲ್ಲ ಅಂತ ಕೋರ್ಟು ಕಂಪನಿಯ ಪರ ತೀರ್ಪು ಕೊಡುತ್ತದೆ. ಇದಕ್ಕೆ ಸಿಸಿಜೆ ಅನ್ನುತ್ತಾರೆ. ಒಂದು ತಿಂಗಳೊಳಗೆ ಪೂರ್ತಿ ಕಟ್ಟಿದರೆ ದಾಖಲೆಯಿಂದ ತೆಗೆಸಬಹುದು, ಇಲ್ಲದಿದ್ದರೆ ಆರು ವರ್ಷ ಅಲ್ಲೇ ಇರುತ್ತದೆ. ಬಾಡಿಗೆ ಮನೆಗೆ, ಫೋನ್ ಕಾಂಟ್ರ್ಯಾಕ್ಟಿಗೆ ಅಡ್ಡ ಬರುತ್ತದೆ. ವೀಸಾ ಅರ್ಜಿಯಲ್ಲೂ ಸಾಲ ತೀರಿಸದ್ದಕ್ಕೆ ಸಿವಿಲ್ ತೀರ್ಪು ಆಗಿದೆಯಾ ಅಂತ ಕೇಳುತ್ತಾರೆ. ನೋಟಿಸು ಬಂದ ಮಾತ್ರಕ್ಕೆ ಅಲ್ಲಿ ‘ಹೌದು’ ಅನ್ನಬೇಕಿಲ್ಲ, ಸಿಸಿಜೆ ಆಗಿದ್ದರೆ ಅನ್ನಲೇಬೇಕು. ಕಾಗದವೇ ಕೈಗೆ ಬರಲಿಲ್ಲ ಅಂತ ತೀರ್ಪು ರದ್ದು ಮಾಡಿಸಲು ಅವಕಾಶ ಇದೆ. ಆದರೆ ಅದರ ಶುಲ್ಕವೇ 300 ಪೌಂಡ್ ದಾಟುತ್ತದೆ.

ಹಾಗಾಗಿ ರೂಮು ಬದಲಿಸಿದ ವಾರವೇ ಡಿವಿಎಲ್‌ಎ ತಾಣದಲ್ಲಿ ವಿ5ಸಿ ವಿಳಾಸ ಬದಲಿಸಿ. ಅದಕ್ಕೆ ಕಾಸಿಲ್ಲ, ಬದಲಿಸದಿದ್ದರೆ 1,000 ಪೌಂಡಿನವರೆಗೆ ದಂಡ ಇದೆ. ನೋಟಿಸಿನ ವಿವಾದ ನಡೆಯುತ್ತಿದ್ದರೆ ಕಂಪನಿಗೂ ಹೊಸ ವಿಳಾಸ ಬರೆದು ತಿಳಿಸಿ, ಅದರ ಪ್ರತಿ ಇಟ್ಟುಕೊಳ್ಳಿ. ಓದು ಮುಗಿಸಿ ಊರಿಗೆ ಹೊರಟವರು ಕಾರು ಮಾರಿದ ದಿನವೇ ಅದನ್ನು ಡಿವಿಎಲ್‌ಎಗೆ ಹೇಳಿ. ಜೂನಿಯರ್‌ಗೆ ಬೀಗದ ಕೈ ಕೊಟ್ಟು ವಿಮಾನ ಹತ್ತಿದರೆ, ಅವನು ಎಲ್ಲೆಲ್ಲೋ ನಿಲ್ಲಿಸಿದ್ದಕ್ಕೆಲ್ಲ ನಿಮ್ಮ ಹೆಸರಿಗೇ ಕಾಗದ ಬರುತ್ತಿರುತ್ತದೆ.