ಚಳಿಗಾಲದಲ್ಲಿ ಗೋಬರ್ ಗ್ಯಾಸ್ ಕಡಿಮೆಯಾಗದಂತೆ
ದೀಪಾವಳಿ ಮುಗಿಯುತ್ತಿದ್ದಂತೆ ಗೋಬರ್ ಗ್ಯಾಸ್ ಗುಂಬಜಿನ ಮೇಲೆ, ಸುತ್ತಲೂ ಎರಡು ಅಡಿ ಹೆಚ್ಚಿಗೆ ಬರುವಂತೆ, ಒಣಹುಲ್ಲನ್ನೋ ಅಡಿಕೆ ಸಿಪ್ಪೆಯನ್ನೋ ಒಂದಡಿ ದಪ್ಪಕ್ಕೆ ಹರಡಿ, ಟಾರ್ಪಾಲು ಹೊದಿಸಿ. ಸಗಣಿ ಕಲಸುವುದನ್ನು ಬೆಳಗಿನ ಬದಲು ಮಧ್ಯಾಹ್ನ ಎರಡರ ಹೊತ್ತಿಗೆ ಇಟ್ಟುಕೊಳ್ಳಿ. ನೀರು ಬಿಸಿಲಲ್ಲಿಟ್ಟ ಕಪ್ಪು ಡ್ರಮ್ಮಿನದಿರಲಿ. ಅನಿಲ ಮಾಡುವ ಸೂಕ್ಷ್ಮಜೀವಿಗಳಿಗೆ 35 ಡಿಗ್ರಿ ಆಸುಪಾಸು ಹಿತ, 20ಕ್ಕಿಂತ ಕೆಳಗಿಳಿದರೆ ಮಂಕಾಗುತ್ತವೆ. ಹುಲ್ಲಿನ ನಡುವೆ ಸಿಕ್ಕಿಕೊಂಡ ಗಾಳಿಯೇ ಶಾಖ ತಡೆಯುವುದು, ಹಾಗಾಗಿ ಹುಲ್ಲು ನೆನೆದರೆ ಹೊದಿಕೆ ಹಾಕಿಯೂ ದಂಡ. ಬೆಚ್ಚಗಿನ ನೀರೊಂದನ್ನೇ ನಂಬಬೇಡಿ: ಒಳಗಿರುವ 4000 ಲೀಟರ್ ಬಗ್ಗಡಕ್ಕೆ (ಸಗಣಿ-ನೀರಿನ ಮಿಶ್ರಣಕ್ಕೆ) ದಿನಾ 100 ಲೀಟರ್ ಹಾಕುವ ಕಡೆ, ಹಾಕಿದ್ದು 10 ಡಿಗ್ರಿ ಹೆಚ್ಚು ಬೆಚ್ಚಗಿದ್ದರೂ ಒಟ್ಟಾರೆ ಏರುವುದು ದಿನಕ್ಕೆ ಕಾಲು ಡಿಗ್ರಿ, ಅದೂ ಶಾಖ ಸೋರದಿದ್ದರೆ. ಅವಸರಕ್ಕೆ ಕುದಿನೀರು ಸುರಿದರೆ ಜೀವಿಗಳೇ ಸಾಯುತ್ತವೆ. ಉಪಯೋಗವಾಯಿತೇ ಎಂದು ಪ್ರೆಷರ್ ಮೀಟರ್ ನೋಡಿ ತೀರ್ಮಾನಿಸಬೇಡಿ. ಹೊದಿಸುವ ಮೊದಲು ಒಂದು ವಾರ, ಹೊದಿಸಿ ಮೂರು ವಾರವಾದ ಮೇಲೆ ಒಂದು ವಾರ, ಅಷ್ಟೇ ತೂಕದ ಸಗಣಿ ಹಾಕಿ, ಅದೇ ಒಲೆ ದೊಡ್ಡ ಉರಿಯಲ್ಲಿ ದಿನಕ್ಕೆ ಒಟ್ಟು ಎಷ್ಟು ನಿಮಿಷ ಉರಿಯಿತೆಂದು ಬರೆದಿಡಿ. ಕಬ್ಬಿಣದ ಡ್ರಮ್ ತೇಲುವ ಹಳೇ ಮಾದರಿಗೆ ಈ ಉಪಾಯ ಹೊಂದದು. ಮೇಲೆ-ಕೆಳಗೆ ಆಡುವ ಡ್ರಮ್ಮಿನಿಂದಲೇ ಶಾಖ ಹೋಗುತ್ತದೆ, ಹುಲ್ಲೂ ನಿಲ್ಲುವುದಿಲ್ಲ. ಪೈಪಿನ ಜೋಡಣೆಯಲ್ಲಿ ಸೋರಿಕೆಯಿದ್ದರೂ ಅಷ್ಟೇ, ಮೊದಲು ಸಾಬೂನು ನೊರೆ ಹಚ್ಚಿ ನೋಡಿ. ವಾಲ್ವ್, ಬಗ್ಗಡ ಹೊರಬರುವ ಬಾಯಿ ಮಾತ್ರ ಮುಚ್ಚದಿರಲಿ.