ಬನಹಟ್ಟಿಯ ಮಗ್ಗದವರಿಗೆ ಎಐ ಬಳಸಿ ತರಬೇತಿ ಹುಡುಕಿಕೊಡುವುದು: ನನ್ನ ಅನುಭವ

ಇಪ್ಪತ್ತು ವರ್ಷ ಪವರ್‌ಲೂಮ್ ನಡೆಸಿದ ಒಬ್ಬರ ವಿವರವನ್ನು ಯಾವುದೇ ಸಿದ್ಧ ಎಐ ಹುಡುಕಾಟಕ್ಕೆ ಕೊಟ್ಟು ನೋಡಿ. ಪಟ್ಟಿಯ ಮೊದಲ ಸಾಲಿನಲ್ಲೇ ಬರುವುದು ಪವರ್‌ಲೂಮ್ ನಡೆಸುವ ತರಬೇತಿ! ಯಂತ್ರದ ಲೆಕ್ಕದಲ್ಲಿ ಇದು ತಪ್ಪಲ್ಲ. ಅದು ಪ್ರತಿ ವಾಕ್ಯವನ್ನೂ ಅಂಕಿಗಳ ಸಾಲಾಗಿ ಮಾಡಿಕೊಂಡು, ಯಾವ ಎರಡು ಸಾಲುಗಳು ಒಂದಕ್ಕೊಂದು ಹತ್ತಿರ ಇವೆ ಎಂದು ಅಳೆಯುತ್ತದೆ. ನೇಕಾರರಿಗೆ ನೇಕಾರಿಕೆಗಿಂತ ಹತ್ತಿರದ್ದು ಇನ್ನೇನಿದೆ? ಆದರೆ ರಬಕವಿ-ಬನಹಟ್ಟಿಯಿಂದ ಬರುವವರು ಕೇಳುವುದು ಮಗ್ಗದಿಂದ ಹೊರಬರುವ ದಾರಿಯನ್ನು, ಇಲ್ಲವೇ ಮಗ್ಗದ ಸುತ್ತಲೇ ಇದ್ದು ಹೆಚ್ಚು ಕೂಲಿ ಸಿಗುವ ಕೆಲಸವನ್ನು. ಬಲ್ಲದ್ದನ್ನೇ ಮತ್ತೆ ಕಲಿಯಲು ಯಾರೂ ಒಂದು ದಿನದ ಕೂಲಿ ಬಿಟ್ಟು ಬರುವುದಿಲ್ಲ.

ಬಾಗಲಕೋಟೆಯ ನವನಗರದಲ್ಲಿ ಒಂದು ಸಣ್ಣ ಸ್ವಯಂಸೇವಾ ಗುಂಪಿನಲ್ಲಿ ನಾನು ಈ ಕೆಲಸ ಮಾಡುತ್ತೇನೆ. ಕೆಲಸ ಹುಡುಕುವವರ ಮಾತು ಕೇಳಿ, ಅವರಿಗೆ ಒಗ್ಗುವ ತರಬೇತಿ ಯಾವುದು, ಎಲ್ಲಿದೆ, ಯಾವಾಗ ಶುರುವಾಗುತ್ತದೆ ಎಂದು ಹೇಳಬೇಕು. ಮೊದಲು ಇದೆಲ್ಲ ಒಂದು ರಿಜಿಸ್ಟರ್‌ನಲ್ಲಿ ನಡೆಯುತ್ತಿತ್ತು. ಆದರೆ ಯೋಜನೆಗಳು ಬೆಳೆಯುತ್ತ ಹೋದವು. ಕೇಂದ್ರದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ, ಗ್ರಾಮೀಣ ಯುವಕರಿಗಾಗಿ ದೀನದಯಾಳ್ ಉಪಾಧ್ಯಾಯ ಕೌಶಲ ಯೋಜನೆ, ರಾಜ್ಯದ ಮುಖ್ಯಮಂತ್ರಿ ಕೌಶಲ್ಯ ಯೋಜನೆ, ಐಟಿಐಗಳು, ಬೆಳಗಾವಿಯ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ), ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು. ಒಂದೊಂದಕ್ಕೂ ಬೇರೆ ವಯಸ್ಸು, ಬೇರೆ ವಿದ್ಯಾರ್ಹತೆ, ಬೇರೆ ಅವಧಿ. ಒಬ್ಬ ಮನುಷ್ಯನ ತಲೆಯಲ್ಲಿ ಇಷ್ಟೆಲ್ಲ ನಿಲ್ಲುವುದಿಲ್ಲ. ಎಐ ಬೇಕಾದದ್ದು ಅದಕ್ಕೆ.

ಎಲ್ಲಕ್ಕಿಂತ ಹೆಚ್ಚು ಶ್ರಮ ಹಿಡಿದದ್ದು ಎಐ ಅಲ್ಲ, ತರಬೇತಿಗಳ ಪಟ್ಟಿ. ಜಾಲತಾಣಗಳಲ್ಲಿ ಕೋರ್ಸುಗಳ ಹೆಸರು ಧಾರಾಳವಾಗಿ ಸಿಗುತ್ತವೆ. ಜಮಖಂಡಿಯಲ್ಲಿ ಈ ತಿಂಗಳು ಬ್ಯಾಚ್ ನಿಜಕ್ಕೂ ನಡೆಯುತ್ತಿದೆಯೇ, ಊಟ-ವಸತಿ ಇದೆಯೇ, ಹೆಣ್ಣುಮಕ್ಕಳಿಗೆ ಉಳಿದುಕೊಳ್ಳಲು ಜಾಗವಿದೆಯೇ ಎಂಬುದು ಫೋನ್ ಮಾಡಿ ಕೇಳಿದರೆ ಮಾತ್ರ ತಿಳಿಯುತ್ತದೆ. ಹಾಗಾಗಿ ವಾರಕ್ಕೊಮ್ಮೆ ನಮ್ಮವರು ಕೇಂದ್ರಗಳಿಗೆ ಫೋನ್ ಮಾಡಿ ಪಟ್ಟಿ ತಿದ್ದುತ್ತಾರೆ. ನಿಂತುಹೋದ ಬ್ಯಾಚನ್ನು ಶಿಫಾರಸು ಮಾಡುವ ಯಂತ್ರ ಎಷ್ಟು ಜಾಣನಾದರೇನು?

ಎರಡನೆಯದು ಮಾತು ಕೇಳುವ ಕೆಲಸ. ಅರ್ಜಿ ನಮೂನೆ ತುಂಬಿಸಿದರೆ ನಮ್ಮ ಜನ 'ಕೂಲಿ' ಎಂದೊಂದೇ ಪದ ಬರೆದು ಮುಗಿಸುತ್ತಾರೆ. ಮಾತಾಡಲು ಬಿಟ್ಟರೆ ಕಂಡಿಕೆ ಸುತ್ತಿದ್ದು, ಲಾಳಿ ಬದಲಿಸಿದ್ದು, ಮೋಟಾರ್ ಸುಟ್ಟಾಗ ತಾವೇ ಬಿಚ್ಚಿದ್ದು, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆದದ್ದು, ಎಲ್ಲವೂ ಹೊರಬರುತ್ತದೆ. ಅದಕ್ಕೇ ಫೋನಿನಲ್ಲಿ ಧ್ವನಿ ಮುದ್ರಿಸಿಕೊಂಡು ಅಕ್ಷರಕ್ಕೆ ಇಳಿಸುತ್ತೇವೆ. ಕೇಂದ್ರ ಸರ್ಕಾರದ ಭಾಷಿಣಿ ಮತ್ತು ಮದ್ರಾಸ್ ಐಐಟಿಯ ಎಐ4ಭಾರತ್ ತಂಡದ ಕೆಲಸದಿಂದ ಕನ್ನಡದ ಧ್ವನಿ ಗುರುತಿಸುವ ಉಪಕರಣಗಳು ಮುಕ್ತವಾಗಿ ಸಿಗುತ್ತಿವೆ. ನಮ್ಮ ಕಡೆಯ ಮಾತಿನಲ್ಲಿ ಅವು ಅಲ್ಲಲ್ಲಿ ಮುಗ್ಗರಿಸುತ್ತವೆ. ಮರಾಠಿ, ಉರ್ದು ಬೆರೆತಾಗ ಇನ್ನಷ್ಟು. ಆದರೆ ದೊಡ್ಡ ತೊಂದರೆ ಭಾಷೆಯದಲ್ಲ, ಗದ್ದಲದ್ದು. ಮಗ್ಗಗಳು ನಡೆಯುತ್ತಿರುವ ಶೆಡ್ಡಿನೊಳಗೆ ನಿಂತು ಕಳಿಸಿದ ಧ್ವನಿಯಲ್ಲಿ ಯಾವ ಯಂತ್ರಕ್ಕೂ ಏನೂ ಕೇಳುವುದಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ಬಂದು ಮಾತಾಡಿ ಎಂದು ಮೊದಲೇ ಹೇಳುತ್ತೇವೆ. ಒಪ್ಪಿಗೆ ಕೇಳಿಯೇ ಮುದ್ರಿಸುತ್ತೇವೆ, ಆಧಾರ್ ಸಂಖ್ಯೆ ಕೇಳುವುದಿಲ್ಲ. ತರಬೇತಿ ಹುಡುಕಲು ಅದು ಬೇಕಾಗಿಯೂ ಇಲ್ಲ.

ಈ ಮಾತನ್ನು ವಿವರವಾಗಿ ಜೋಡಿಸಲು ಒಂದು ಭಾಷಾ ಮಾದರಿಯನ್ನು, ಅಂದರೆ ಬರಹವನ್ನು ಓದಿ ತಾನೂ ಬರೆಯುವ ಎಐಯನ್ನು, ಬಳಸುತ್ತೇವೆ. ಇಲ್ಲಿ ಒಂದು ಕಟ್ಟುನಿಟ್ಟು ಬೇಕು. ಭಾಷಾ ಮಾದರಿಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ. ಯಾರೂ ಹೇಳದಿದ್ದರೂ 'ಎಸ್‌ಎಸ್‌ಎಲ್‌ಸಿ ಉತ್ತೀರ್ಣ' ಎಂದು ತುಂಬಿಬಿಡುತ್ತದೆ. ಆದ್ದರಿಂದ ಪ್ರತಿ ವಿವರದ ಪಕ್ಕದಲ್ಲಿ, ಅದನ್ನು ಹೇಳಿದ ವಾಕ್ಯವನ್ನು ಇದ್ದಂತೆಯೇ ಎತ್ತಿ ಬರೆಯುವಂತೆ ಆದೇಶಿಸಿದ್ದೇವೆ. ಆ ವಾಕ್ಯ ಮೂಲ ಮಾತಿನಲ್ಲಿ ಇಲ್ಲದಿದ್ದರೆ ನಮ್ಮ ಪ್ರೋಗ್ರಾಂ ಆ ವಿವರವನ್ನು ಅಳಿಸಿಹಾಕುತ್ತದೆ. ಈ ಪರಿಶೀಲನೆಗೆ ಎಐ ಬೇಕಿಲ್ಲ, ಅಕ್ಷರಕ್ಕೆ ಅಕ್ಷರ ಹೋಲಿಸುವ ಕೆಲವೇ ಸಾಲುಗಳ ಕೋಡ್ ಸಾಕು. ಇಡೀ ವ್ಯವಸ್ಥೆಯಲ್ಲಿ ನಾನು ಅತಿ ಹೆಚ್ಚು ನಂಬುವ ಭಾಗ ಅದೇ.

ಇನ್ನು ಹೊಂದಿಸುವುದು. ರಾಷ್ಟ್ರೀಯ ಕೌಶಲ ಚೌಕಟ್ಟಿನಡಿ ಪ್ರತಿ ಉದ್ಯೋಗಕ್ಕೂ ಏನೇನು ಬರಬೇಕು ಎಂಬ ಪಟ್ಟಿಗಳಿವೆ. ಅವು ಇಂಗ್ಲಿಷಿನಲ್ಲಿವೆ, ಓದಲು ನೀರಸ. ಆದರೂ ಚಿನ್ನದಂಥ ಸಾಮಗ್ರಿ. ನಾವು ಇಡೀ ಮನುಷ್ಯನನ್ನು ಇಡೀ ಕೋರ್ಸಿನ ಜೊತೆ ಹೋಲಿಸುವುದಿಲ್ಲ. ಉದ್ಯೋಗದ ಒಂದೊಂದು ಕೌಶಲವನ್ನೂ ತೆಗೆದುಕೊಂಡು, ಈ ವ್ಯಕ್ತಿ ಹೇಳಿದ ಯಾವ ಕೆಲಸ ಇದಕ್ಕೆ ಸಾಕ್ಷಿ ಎಂದು ಹುಡುಕುತ್ತೇವೆ. ಹೋಲಿಕೆ ಅಳೆಯುವ ಮಾದರಿ ಇಲ್ಲಿ ಚೆನ್ನಾಗಿ ದುಡಿಯುತ್ತದೆ, ಏಕೆಂದರೆ ಕೇಳುವ ಪ್ರಶ್ನೆ ಸಣ್ಣದು. ಎಲ್ಲ ಕೌಶಲಗಳಿಗೂ ಸಾಕ್ಷಿ ಸಿಕ್ಕರೆ ತರಬೇತಿ ಬೇಡ, ಇರುವ ಕೌಶಲಕ್ಕೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಆರ್‌ಪಿಎಲ್‌ಗೆ ಕಳಿಸುತ್ತೇವೆ. ಮುಕ್ಕಾಲು ಪಾಲು ಸಿಕ್ಕು ಉಳಿದದ್ದು ಸಿಗದಿದ್ದರೆ ಅದೇ ನಮಗೆ ಬೇಕಾದ ಜಾಗ, ಅಲ್ಲಿ ಅಲ್ಪಾವಧಿಯ ತರಬೇತಿ ಕೆಲಸಕ್ಕೆ ಬರುತ್ತದೆ. ಏನೂ ಸಿಗದಿದ್ದರೆ ವರ್ಷಗಟ್ಟಲೆ ಕಲಿಯುವ ಐಟಿಐ ಮಾತು, ಅದು ಮನೆಯ ಸ್ಥಿತಿ ನೋಡಿ ಆಡಬೇಕಾದದ್ದು.

ಬನಹಟ್ಟಿಯ ಮಗ್ಗದವರೊಬ್ಬರ ಪಟ್ಟಿಯಲ್ಲಿ ಹೀಗೆಯೇ ಮೋಟಾರ್ ರಿವೈಂಡಿಂಗ್ ಮೇಲೆ ಬಂತು. ಮೋಟಾರ್ ಬಿಚ್ಚುವುದು, ಬೇರಿಂಗ್ ಬದಲಿಸುವುದು, ಬೆಲ್ಟ್ ಸರಿಮಾಡುವುದು ಅವರಿಗೆ ಬರುತ್ತಿತ್ತು. ತಂತಿ ಸುತ್ತುವ ಲೆಕ್ಕ ಮತ್ತು ಸುರಕ್ಷತೆಯ ಪರೀಕ್ಷೆ ಬರುತ್ತಿರಲಿಲ್ಲ. ಸ್ವ-ಉದ್ಯೋಗ ಸಂಸ್ಥೆಗಳಲ್ಲಿ ಇದಕ್ಕೆ ಸುಮಾರು ಒಂದು ತಿಂಗಳ ಉಚಿತ ತರಬೇತಿ ಇದೆ, ಊಟ-ವಸತಿಯೂ ಅಲ್ಲೇ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಮಾದರಿಯಿಂದ ಬೆಳೆದ ಸಂಸ್ಥೆಗಳು ಇವು. ಸುತ್ತಲೂ ಕಬ್ಬಿನ ಗದ್ದೆ, ಪಂಪ್‌ಸೆಟ್. ಗಿರಾಕಿಗಳಿಗೆ ಬರವಿಲ್ಲ. ಅವರು ಮಾತ್ರ ತಕ್ಷಣ ಹೂಂ ಎನ್ನಲಿಲ್ಲ. "ಕಲಿಯುವುದು ಸರಿ ಸರ್, ಆ ಒಂದು ತಿಂಗಳು ಮನೆ ನಡೆಯುವುದು ಹೇಗೆ?" ಎಂದರು. ಈ ಪ್ರಶ್ನೆ ಎಲ್ಲರದ್ದೂ. ಈಗ ನಮ್ಮ ಪಟ್ಟಿಯಲ್ಲಿ ತರಬೇತಿಯ ಹೆಸರಿಗಿಂತ ಮೊದಲು ಎಷ್ಟು ದಿನದ ಕೂಲಿ ಹೋಗುತ್ತದೆ, ಭತ್ಯೆ ಎಷ್ಟು ಬರುತ್ತದೆ ಎಂಬುದು ಕಾಣುತ್ತದೆ.

ಅರ್ಹತೆಯ ವಿಷಯವನ್ನು ನಾವು ಎಐಗೆ ಬಿಡುವುದೇ ಇಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯನ್ನೇ ನೋಡಿ. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿ. ಯಾರಿಗೆ ಬೇಡ? ಅದರಲ್ಲಿ 18 ಕಸುಬುಗಳಿವೆ. ಇಳಕಲ್ಲಿನ ಕಲ್ಲು ಒಡೆಯುವವರಿಗೆ ಜಾಗವಿದೆ, ಇಳಕಲ್ ಸೀರೆ ನೇಯುವವರಿಗೆ ಇಲ್ಲ. ಆದರೆ ಬುಟ್ಟಿ, ಚಾಪೆ ಹೆಣೆಯುವವರು ಮತ್ತು ತೆಂಗಿನ ನಾರು ನೇಯುವವರು ಪಟ್ಟಿಯಲ್ಲಿದ್ದಾರೆ. ಹೋಲಿಕೆಯ ಮಾದರಿ ಸೀರೆ ನೇಕಾರರನ್ನು ಸಲೀಸಾಗಿ ಆ ಸಾಲಿಗೆ ತಂದು ಕೂಡಿಸುತ್ತದೆ. ಗುಳೇದಗುಡ್ಡದ ಖಣ ನೇಯುವವರಿಗೆ ಈ ಆಸೆ ಹುಟ್ಟಿಸಿ ಕಳಿಸಿದರೆ ಅರ್ಜಿ ತಿರಸ್ಕೃತವಾಗಿ ಬರುತ್ತದೆ, ಮತ್ತೆ ಅವರು ನಮ್ಮ ಮೆಟ್ಟಿಲು ಹತ್ತುವುದಿಲ್ಲ. ಹೀಗಾಗಿ ವಯಸ್ಸು, ವಿದ್ಯೆ, ಕಸುಬು ಮುಂತಾದ ನಿಯಮಗಳನ್ನು ಕೈಯಿಂದಲೇ ಬರೆದಿಟ್ಟಿದ್ದೇವೆ. ಆ ಜರಡಿ ದಾಟಿದ ತರಬೇತಿಗಳು ಮಾತ್ರ ಎಐ ಮುಂದೆ ಹೋಗುತ್ತವೆ.

ದೂರದ ಲೆಕ್ಕವೂ ನಮ್ಮ ಜಿಲ್ಲೆಯಲ್ಲಿ ವಿಚಿತ್ರ. ಆಲಮಟ್ಟಿಯ ಹಿನ್ನೀರು ಹಬ್ಬಿದ ಕಡೆ ನಕ್ಷೆಯಲ್ಲಿ ಎರಡು ಊರುಗಳು ಗೇಣು ಅಂತರದಲ್ಲಿ ಕಾಣುತ್ತವೆ. ಬೀಳಗಿ ತಾಲ್ಲೂಕಿನ ನದಿದಂಡೆಯ ಹಳ್ಳಿಯಿಂದ ಆಚೆ ದಡಕ್ಕೆ ಹೋಗಬೇಕಾದರೆ ಕೊಲ್ಹಾರದ ಸೇತುವೆಗೆ ಸುತ್ತಿ ಬರಬೇಕು. ಅಕ್ಷಾಂಶ-ರೇಖಾಂಶ ನೋಡಿ ಅಳೆಯುವ ಸಿದ್ಧ ಲೆಕ್ಕವನ್ನು ಬಿಟ್ಟು ಬಸ್ಸಿನ ವೇಳೆಯನ್ನೇ ಹಾಕಿಕೊಂಡೆವು: ಬೆಳಗಿನ ಮೊದಲ ಬಸ್, ಸಂಜೆಯ ಕೊನೆಯ ಬಸ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಖರ್ಚಿನ ಚಿಂತೆ ಇಲ್ಲ. ಕೊನೆಯ ಬಸ್ ತಪ್ಪುವ ಚಿಂತೆ ಇದ್ದೇ ಇದೆ. ಕೇಂದ್ರ ಎಷ್ಟೇ ಒಳ್ಳೆಯದಿದ್ದರೂ ಕೊನೆಯ ಬಸ್ಸಿಗಿಂತ ತಡವಾಗಿ ಬಿಡುವುದಾದರೆ ಅದು ಪಟ್ಟಿಯಿಂದ ಹೊರಗೆ.

ಹೆಣ್ಣುಮಕ್ಕಳ ವಿಷಯ ಬಂತು, ಅದನ್ನೂ ಹೇಳುತ್ತೇನೆ. ಒಂದೇ ವಿವರವನ್ನು ಒಮ್ಮೆ ಗಂಡಿನ ಹೆಸರಿನಲ್ಲಿ, ಒಮ್ಮೆ ಹೆಣ್ಣಿನ ಹೆಸರಿನಲ್ಲಿ ಕೊಟ್ಟು ಬರುವ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ನಮ್ಮ ರೂಢಿ. ಹೆಣ್ಣಿನ ಹೆಸರಿದ್ದರೆ ಹೊಲಿಗೆ, ಬ್ಯೂಟಿ ಪಾರ್ಲರ್ ಮೇಲೇರುತ್ತವೆ. ಹೊಲಿಗೆ ಕೆಟ್ಟ ಕಸುಬೆಂದು ನಾನು ಹೇಳುತ್ತಿಲ್ಲ, ಆದರೆ ಸಂಘದ ಲೆಕ್ಕ ಬರೆದ ಅಕ್ಕನಿಗೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ತರಬೇತಿ ಯಾಕೆ ಕಾಣಬಾರದು? ಈಗ ಹೆಸರು, ಲಿಂಗ, ಜಾತಿ ಎಲ್ಲವನ್ನೂ ತೆಗೆದೇ ಹೋಲಿಕೆಗೆ ಕೊಡುತ್ತೇವೆ. ಮಹಿಳೆಯರಿಗೆ ಮೀಸಲಾದ ಸೀಟು, ವಯಸ್ಸಿನ ಸಡಿಲಿಕೆಗಳು ನಿಯಮದ ಜರಡಿಯಲ್ಲೇ ಇತ್ಯರ್ಥವಾಗುತ್ತವೆ.

ಕೊನೆಯ ಪಟ್ಟಿಯಲ್ಲಿ ಮೂರಕ್ಕಿಂತ ಹೆಚ್ಚು ತರಬೇತಿ ತೋರಿಸುವುದಿಲ್ಲ. ಪ್ರತಿಯೊಂದರ ಕೆಳಗೆ ಅದನ್ನು ಯಾಕೆ ಆರಿಸಿದೆ ಎಂದು ಅವರದೇ ಮಾತಿನ ವಾಕ್ಯ ಇರುತ್ತದೆ. ಎದುರು ಕುಳಿತ ನಮ್ಮ ಕಾರ್ಯಕರ್ತೆ ಅದನ್ನು ಓದಿ ಹೇಳುತ್ತಾರೆ. ಯಂತ್ರ ಆರಿಸಿದ್ದನ್ನು ತಳ್ಳಿಹಾಕಿ ಬೇರೆ ಸೂಚಿಸುವ ಅಧಿಕಾರ ಅವರಿಗಿದೆ, ಕಾರಣವನ್ನು ಮಾತ್ರ ಬರೆದಿಡಬೇಕು. ನಿಯಮಗಳು ತಿದ್ದುಪಡಿಯಾಗುವುದು ಆ ಕಾರಣಗಳಿಂದಲೇ. ಕಬ್ಬು ನುರಿಸುವ ಹಂಗಾಮಿನಲ್ಲಿ ಮುಧೋಳದ ಕಡೆಯ ಕುಟುಂಬಗಳಿಗೆ ಹಗಲು ಹೊತ್ತಿನ ತರಬೇತಿ ಸೂಚಿಸಬಾರದು ಎಂಬ ನಿಯಮ ಬಂದದ್ದು ಹಾಗೆ.

ಯಾವ ತರಬೇತಿಯೂ ಹೊಂದದೆ ಉಳಿಯುವವರೂ ಇದ್ದಾರೆ. ಅವರ ಹೆಸರು ತೆಗೆದು, ಏನು ಬಲ್ಲರು, ಏನು ಬೇಕೆಂದರು ಎಂಬುದನ್ನಷ್ಟೇ ತಾಲ್ಲೂಕುವಾರು ಕೂಡಿಸಿ ತರಬೇತಿ ಕೇಂದ್ರಗಳಿಗೆ ಕಳಿಸುತ್ತೇವೆ. ಸದ್ಯ ಆ ಪಟ್ಟಿಯ ಮೇಲ್ತುದಿಯಲ್ಲಿರುವುದು ಪವರ್‌ಲೂಮ್ ದುರಸ್ತಿ, ಅದೂ ಸಂಜೆಯ ಬ್ಯಾಚ್, ಬನಹಟ್ಟಿಯಲ್ಲೇ. ಕಲಿಸಲು ಒಪ್ಪಿದ, ಮಗ್ಗ ದುರಸ್ತಿ ಮಾಡುವ ಹಳೆಯ ಜಾಬರ್‌ಗಳು ಇಬ್ಬರಿದ್ದಾರೆ. ಬ್ಯಾಚ್ ಮಂಜೂರು ಮಾಡುವ ಕೇಂದ್ರವನ್ನು ಹುಡುಕುತ್ತಿದ್ದೇವೆ.