ನಮ್ಮ ಬೀದಿಯ ಅಭಿಪ್ರಾಯ ನಾವೇ ಸಂಗ್ರಹ ಮಾಡೋದು ಹೇಗೆ: ನೀರು, ಕಸ, ಚರಂಡಿ, ಅದರ ಜೊತೆ ದುಡ್ಡಿನ ಲೆಕ್ಕ

ಚಿಕ್ಕಮಗಳೂರಲ್ಲಿ ಯಾವ ಬೀದಿ ಕಟ್ಟೆ ಮೇಲೆ ಹೋಗಿ ಕೂತ್ರೂ ಇದೇ ಮಾತು, ನೀರು ಯಾವಾಗ ಬಿಡ್ತಾರೆ, ಚರಂಡಿ ಕಟ್ಕೊಂಡಿದೆ, ದೀಪ ಉರೀತಿಲ್ಲ, ತೆರಿಗೆ ಮಾತ್ರ ಕಟ್ಬೇಕು. ಮಾತು ದಿನಾ ಆಗುತ್ತೆ, ಆದ್ರೆ ಕಾಗದಕ್ಕೆ ಇಳಿಯಲ್ಲ. ಹೋದ ವರ್ಷ ನಾವು ನಾಲ್ಕು ಜನ ಸೇರ್ಕೊಂಡು ನಮ್ಮ ಬೀದಿಯ ನಲವತ್ತು ಮನೆಗೆ ಹೋಗಿ, ಕೂತು, ಕೇಳಿ ಬರ್ಕೊಂಡ್ವಿ. ಮೊದಲನೇ ಸಲ ತಪ್ಪು ಮಾಡಿದ್ವಿ, ಎರಡನೇ ಸಲ ಸರಿ ಆಯ್ತು. ಬೇರೆ ಬೀದಿಯೋರಿಗೂ ಉಪಯೋಗ ಆಗ್ಲಿ ಅಂತ ಹೇಗೆ ಮಾಡಿದ್ವಿ ಅನ್ನೋದನ್ನ ಬರೀತಿದೀನಿ.

ಇದನ್ನ ನಾವೇ ಯಾಕೆ ಮಾಡ್ಬೇಕು ಅಂತ ಕೇಳ್ಬಹುದು. ಸಂವಿಧಾನದ 74ನೇ ತಿದ್ದುಪಡಿ ಬಂದಾಗ ವಾರ್ಡ್ ಸಮಿತಿ ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಊರುಗಳಿಗೆ ಮಾತ್ರ, 243ಎಸ್ ವಿಧಿ ನೋಡಿ. ನಮ್ಮೂರು 2011ರ ಜನಗಣತಿಯಲ್ಲಿ ಸುಮಾರು 1.18 ಲಕ್ಷ. ವಾರ್ಡು 35. ಅಂದ್ರೆ ಒಬ್ಬೊಬ್ಬ ಸದಸ್ಯರಿಗೆ ಸರಾಸರಿ ಮೂರು ಸಾವಿರಕ್ಕೂ ಮೇಲೆ ಜನ, ಮಧ್ಯದಲ್ಲಿ ಕೂತು ಕೇಳೋಕೆ ಕಾನೂನಿನ ಕಡ್ಡಾಯದ ಸಮಿತಿ ಇಲ್ಲ. ಆ ಜಾಗನ ನಾವೇ ತುಂಬ್ಬೇಕು. ಹೊಸ ವಿಷಯ ಏನಲ್ಲ ಇದು, ಬೆಂಗಳೂರಲ್ಲಿ 1994ರಲ್ಲೇ ಪಬ್ಲಿಕ್ ಅಫೇರ್ಸ್ ಸೆಂಟರ್‌ನೋರು ಜನರ ಹತ್ರ ಕೇಳಿ ನೀರು, ಕರೆಂಟು, ಪಾಲಿಕೆ ಎಲ್ಲಕ್ಕೂ ಶಾಲೆ ಮಕ್ಕಳಿಗೆ ಕೊಡೋ ಥರ ಅಂಕಪಟ್ಟಿ ಕೊಟ್ಟಿದ್ರು, ಆಮೇಲೆ 1999ರಲ್ಲಿ, 2003ರಲ್ಲಿ ಮತ್ತೆ ಮಾಡಿದ್ರು. ಅದನ್ನೇ ಒಂದು ಬೀದಿ ಮಟ್ಟಕ್ಕೆ ಇಳಿಸ್ಕೊಂಡ್ರೆ ಆಯ್ತು.

ಮೊದಲು ಮಾಡ್ಬೇಕಾದ್ದು: ಯಾವುದು ಯಾರ ಕೆಲಸ ಅಂತ ತಿಳ್ಕೊಳ್ಳೋದು. ಇದನ್ನ ಬಿಟ್ಟು ಮುಂದಕ್ಕೆ ಹೋದ್ರೆ ಪೂರ್ತಿ ಶ್ರಮ ನೀರಲ್ಲಿ ಹೋಮ. ನಿಮ್ಮ ಲೇಔಟು ನಗರಸಭೆ ಒಳಗಿದ್ಯಾ, ಪಕ್ಕದ ಗ್ರಾಮ ಪಂಚಾಯಿತಿಗೆ ಸೇರಿದ್ಯಾ, ಅಥವಾ ನಗರಾಭಿವೃದ್ಧಿ ಪ್ರಾಧಿಕಾರದ ಅಪ್ರೂವಲ್ ಆಗಿ ಇನ್ನೂ ನಗರಸಭೆಗೆ ಹಸ್ತಾಂತರ ಆಗಿಲ್ವಾ, ಇದು ಬಡಾವಣೆಯಿಂದ ಬಡಾವಣೆಗೆ ಬದಲಾಗುತ್ತೆ. ಊರಿನ ಅಂಚಲ್ಲಿ ಹೊಸದಾಗಿ ಮನೆ ಕಟ್ಟಿದೋರಿಗೆ ಇದೇ ದೊಡ್ಡ ಗೊಂದಲ. ತೆರಿಗೆ ರಸೀದಿ ಮೇಲೆ ಯಾರ ಹೆಸರಿದೆ ನೋಡಿ, ಹಸ್ತಾಂತರ ಆಗಿದ್ಯಾ ಅಂತ ಆಫೀಸಲ್ಲಿ ಕೇಳಿ, ಗೊತ್ತಾಗುತ್ತೆ. ರಸ್ತೆನೂ ಹಂಗೆ, ನಿಮ್ಮ ಮನೆ ಮುಂದಿನ ಕ್ರಾಸು ನಗರಸಭೆದು, ಕೆ.ಎಂ. ರಸ್ತೆ (ಕಡೂರು-ಮಂಗಳೂರು ರಸ್ತೆ) ರಾಷ್ಟ್ರೀಯ ಹೆದ್ದಾರಿ, ಇನ್ನು ಕೆಲವು ಲೋಕೋಪಯೋಗಿ ಇಲಾಖೆದು. ಕರೆಂಟ್ ಕಂಬ ಮೆಸ್ಕಾಂದು, ಅದರಲ್ಲಿ ಉರಿಯೋ ಬೀದಿ ದೀಪದ ಜವಾಬ್ದಾರಿ ನಗರಸಭೆದು. ಕರೆಂಟ್ ಹೋದ್ರೆ 1912ಕ್ಕೆ ಫೋನ್ ಮಾಡಿ, ದೀಪ ಉರೀದಿದ್ರೆ ನಗರಸಭೆಗೆ ಹೇಳಿ. ಒಂದು ಹಾಳೆ ಮೇಲೆ ಇದನ್ನೆಲ್ಲ ಬರ್ಕೊಂಡು ಜೇಬಲ್ಲಿಟ್ಕೊಳ್ಳಿ, ಮನೆಗೆ ಹೋದಾಗ ಅರ್ಧ ಜನ ಇದನ್ನೇ ಕೇಳ್ತಾರೆ.

ಆಮೇಲೆ ಪ್ರಶ್ನೆ. ನಾವು ಮೊದಲನೇ ಸಲ ತಪ್ಪು ಮಾಡಿದ್ದು ಇಲ್ಲೇ. "ನೀರು ಸರಿಯಾಗಿ ಬರುತ್ತಾ?" ಅಂತ ಕೇಳ್ತಾ ಹೋದ್ವಿ, ಒಬ್ರು ಹೂಂ ಅಂದ್ರು, ಪಕ್ಕದ ಮನೆಯೋರು ಎಲ್ರೀ ಬರುತ್ತೆ ಅಂತ ರೇಗಿದ್ರು, ಎರಡೂ ಮನೆಗೆ ಒಂದೇ ಪೈಪು. ಸರಿ ಅನ್ನೋ ಪದಕ್ಕೆ ಒಬ್ಬೊಬ್ರಿಗೆ ಒಂದೊಂದು ಅರ್ಥ. ಎರಡನೇ ಸಲ ಹಿಂಗೆ ಕೇಳಿದ್ವಿ: ಹೋದ ವಾರ ಎಷ್ಟು ದಿನ ನೀರು ಬಂತು, ಎಷ್ಟೊತ್ತಿಗೆ ಬಂತು, ಎಷ್ಟೊತ್ತು ಇತ್ತು, ಸಂಪಿಗೆ ತಾನಾಗೇ ಬಿತ್ತಾ ಇಲ್ಲ ಮೋಟ್ರು ಹಾಕಿ ಎಳ್ದ್ರಾ. ಉತ್ತರ ಪಕ್ಕಾ ಸಿಗುತ್ತೆ, ಯಾಕಂದ್ರೆ ಹೋದ ವಾರದ್ದು ಎಲ್ರಿಗೂ ನೆನಪಿರುತ್ತೆ. ಊರುಗಳಿಗೆ ತಲೆಗೆ ದಿನಕ್ಕೆ 135 ಲೀಟರ್ ಅಂತ ಒಂದು ಅಳತೆ ಇದೆ, ನಿಮ್ಮ ಮನೆಗೆ ಎಷ್ಟು ತುಂಬ್ತು ಅಂತ ಡ್ರಮ್ಮಿನ ಲೆಕ್ಕದಲ್ಲಿ ಕೇಳ್ಕೊಂಡ್ರೆ ಅದಕ್ಕೆ ಹೋಲಿಸ್ಬಹುದು.

ಇನ್ನೊಂದು, ಯಾರನ್ನ ಕೇಳ್ತೀರಿ ಅನ್ನೋದು ತುಂಬ ಮುಖ್ಯ. ಗೇಟ್ ಹತ್ರ ಬಂದ ಯಜಮಾನ್ರನ್ನ ಕೇಳಿದ್ರೆ ನೀರು ಚೆನ್ನಾಗೇ ಬರುತ್ತಲ್ಲ ಅಂತಾರೆ. ಒಳಗಿಂದ ಸೊಸೆ ಬಂದು, "ಬರೋದು ಬೆಳಗಿನ ಜಾವ ನಾಕು ಗಂಟೆಗೆ, ಎದ್ದು ಹಿಡಿಯೋಳು ನಾನು" ಅಂತ ಹೇಳಿದ್ದು ನಮಗೆ ಇವತ್ತಿಗೂ ನೆನಪಿದೆ. ಅದಕ್ಕೆ ನಮ್ಮ ತಂಡದಲ್ಲಿ ಇಬ್ರು ಹೆಂಗಸರು ಇರ್ಲೇಬೇಕು ಅಂತ ಮಾಡ್ಕೊಂಡ್ವಿ, ನೀರಿನ ಪ್ರಶ್ನೆಗೆ ನೀರು ಹಿಡಿಯೋರೇ ಉತ್ತರ ಕೊಡ್ಲಿ. ಬೀದಿಯ ಮೇಲ್ಗಡೆ ಮನೆ, ಕೆಳಗಡೆ ಮನೆ, ಪೈಪಿನ ಕೊನೇ ಮನೆ ಮೂರನ್ನೂ ಬಿಡ್ಬೇಡಿ, ನಮ್ಮೂರು ಏರು ತಗ್ಗಿನ ಊರು, ಹಿರೇಕೊಳಲೆ ಕೆರೆಯಿಂದ ಬರ್ಲಿ ಯಗಚಿಯಿಂದ ಬರ್ಲಿ, ನೀರಿನ ಕಷ್ಟ ಗೊತ್ತಾಗೋದು ಏರಿನ ತುದಿಯಲ್ಲಿ. ಬಾಡಿಗೆ ಮನೆಯೋರನ್ನ ಬಿಟ್ಟುಬಿಡೋ ಅಭ್ಯಾಸ ಇದೆ, ಅದು ತಪ್ಪು. ಅವ್ರೂ ನೀರು ಕುಡೀತಾರೆ, ಅವ್ರ ಬಾಡಿಗೆಯಲ್ಲೇ ಓನರ್ರು ತೆರಿಗೆನೂ ಸೇರ್ಸಿರ್ತಾರೆ. ಹೊತ್ತು ಅಂದ್ರೆ ಸಂಜೆ ಆರರಿಂದ ಎಂಟು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟಕ್ಕೆ ಹೋಗೋ ಮನೆಗಳು ಹಗಲೆಲ್ಲ ಬೀಗ ಹಾಕಿರುತ್ತೆ, ಅವ್ರನ್ನ ಭಾನುವಾರ ಹಿಡೀಬೇಕು.

ಕಸದ ವಿಷಯಕ್ಕೆ ಗಾಡಿ ವಾರಕ್ಕೆ ಎಷ್ಟು ಸಲ ಬಂತು, ಹಸಿ ಒಣ ಬೇರೆ ಮಾಡಿ ಕೊಡ್ತೀರಾ, ಬೇರೆ ಮಾಡಿ ಕೊಟ್ಟಿದ್ದನ್ನ ಗಾಡಿಯಲ್ಲೂ ಬೇರೆ ಬೇರೆ ಹಾಕ್ಕೊಳ್ತಾರಾ ಅಂತ ಮೂರೇ ಪ್ರಶ್ನೆ ಸಾಕು. ಜೊತೆಗೆ ಗಾಡಿಯಲ್ಲಿ ಬರೋ ಪೌರಕಾರ್ಮಿಕರನ್ನೂ ಕೇಳಿ, ನಮ್ಮ ಬೀದಿಯೋರು ಹೆಂಗೆ ಕೊಡ್ತಾರಣ್ಣ ಅಂತ. ಅವ್ರು ಹೇಳೋದು ನಮಗೆ ಕೇಳೋಕೆ ಕಷ್ಟ ಆಗ್ಬಹುದು, ಆದ್ರೂ ಬರ್ಕೊಳ್ಳಿ. ನಮ್ಮ ಕಸ ಗೇಟು ದಾಟಿದ ಮೇಲೆ ನಗರಸಭೆ ಕಸ ಹಾಕೋ ಇಂದಾವರಕ್ಕೆ ಹೋಗುತ್ತೆ, ಅಲ್ಲೂ ಜನ ಇದಾರೆ, ಇದನ್ನ ಮರೀಬಾರದು ಅಂತ ನಾನು ಪ್ರತಿ ಮನೆಯಲ್ಲೂ ಹೇಳ್ತೀನಿ.

ಚರಂಡಿ, ಯುಜಿಡಿ (ನೆಲದೊಳಗಿನ ಒಳಚರಂಡಿ), ದೀಪ, ನಾಯಿ, ಪಾರ್ಕು ಇವಕ್ಕೆಲ್ಲ ಒಂದೊಂದೇ ಪ್ರಶ್ನೆ, ಎಲ್ಲಿ ಮತ್ತೆ ಯಾವಾಗಿಂದ ಅಂತ. ಬೀದಿಯ ಒಂದು ನಕ್ಷೆ ಕೈಯಲ್ಲೇ ಬರ್ಕೊಂಡು ಗುರುತು ಹಾಕ್ತಾ ಹೋಗಿ. ಮುಳ್ಳಯ್ಯನಗಿರಿಗೆ ಬರೋ ಗಾಡಿಗಳು ವೀಕೆಂಡಲ್ಲಿ ನಿಮ್ಮ ಬೀದಿಗೆ ನುಗ್ಗುತ್ತೆ ಅಂದ್ರೆ ಅದನ್ನೂ ಸೇರಿಸಿ, ಹೋಂಸ್ಟೇ ಇರೋ ಬೀದಿಗಳಲ್ಲಿ ನೀರು, ಕಸ ಎರಡೂ ಜಾಸ್ತಿ ಆಗಿದ್ಯಾ ಅಂತ ಕೇಳಿ.

ಇನ್ನು ದುಡ್ಡು. ಇಷ್ಟು ಬರೆಯೋಕೆ ಕೂತಿದ್ದೇ ಇದಕ್ಕೆ. ಸೇವೆ ಬಗ್ಗೆ ಕೇಳಿ ದುಡ್ಡಿನ ಬಗ್ಗೆ ಕೇಳ್ದೆ ಬಂದ್ರೆ ನಿಮ್ಮ ಕೈಯಲ್ಲಿ ಇರೋದು ಬರೀ ದೂರಿನ ಪಟ್ಟಿ, ಅಂಥ ಪಟ್ಟಿಗೆ "ಅನುದಾನ ಇಲ್ಲ" ಅನ್ನೋ ಒಂದೇ ಉತ್ತರ ಸಾಕಾಗುತ್ತೆ. ಆದ್ದರಿಂದ ಪ್ರತಿ ಮನೆಯಲ್ಲೂ ಎರಡು ಮೊತ್ತ ಕೇಳಿ. ಆಸ್ತಿ ತೆರಿಗೆ, ನೀರಿನ ಕಂದಾಯ, ಕಸದ ಶುಲ್ಕ ಅಂತ ವರ್ಷಕ್ಕೆ ಎಷ್ಟು ಕಟ್ತೀರಿ, ಇದು ಮೊದಲನೇದು. ನಲ್ಲಿ ನೀರು ಸಾಲ್ದೆ ಟ್ಯಾಂಕರು, ಕ್ಯಾನು, ಬೋರಿನ ಮೋಟ್ರು ಕರೆಂಟು, ಚರಂಡಿ ಕ್ಲೀನಿಗೆ ಕೂಲಿ ಅಂತ ಕೈಯಿಂದ ಎಷ್ಟು ಹೋಗುತ್ತೆ, ಇದು ಎರಡನೇದು. ಎರಡನೇದನ್ನ ಯಾರೂ ಕೂಡಿಸಿ ನೋಡಿರಲ್ಲ. ಉದಾಹರಣೆಗೆ 30 ಮನೆ, ಮನೆಗೆ ತಿಂಗಳಿಗೆ 300 ರೂಪಾಯಿ ಅಂತ ಹಿಡಿದ್ರೂ ವರ್ಷಕ್ಕೆ 1,08,000 ಆಗುತ್ತೆ, ಒಂದೇ ಬೀದಿಯಿಂದ. ಸಭೆಯಲ್ಲಿ ಈ ಅಂಕಿ ಇಟ್ಟಾಗ ಮಾತಿನ ದಾರಿನೇ ಬೇರೆ ಆಗುತ್ತೆ.

ಜನಕ್ಕೆ ತೆರಿಗೆ ಲೆಕ್ಕನೂ ಬಿಡಿಸಿ ಹೇಳಿ, ಯಾಕಂದ್ರೆ ಕಟ್ಟಿದ್ದೆಲ್ಲ ನಗರಸಭೆಗೇ ಉಳಿಯುತ್ತೆ ಅಂತ ಬಹಳ ಜನ ತಿಳ್ಕೊಂಡಿದಾರೆ. ರಸೀದಿಯಲ್ಲಿ ಉಪಕರ ಅಂತ ಇರೋ ಸಾಲು ನೋಡಿ: ಆಸ್ತಿ ತೆರಿಗೆ ಮೇಲೆ ಆರೋಗ್ಯಕ್ಕೆ 15 ಪರ್ಸೆಂಟ್, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3. ಇದನ್ನ ನಗರಸಭೆ ವಸೂಲಿ ಮಾಡಿ ಆಯಾ ಕಡೆಗೆ ಕಳಿಸ್ಬೇಕಾದ ದುಡ್ಡು, ಬೀದಿ ಚರಂಡಿಗೆ ಬರೋದಲ್ಲ. ಏಪ್ರಿಲ್ ಒಳಗೆ ಕಟ್ಟಿದ್ರೆ ತೆರಿಗೆಯಲ್ಲಿ 5 ಪರ್ಸೆಂಟ್ ರಿಯಾಯಿತಿ, ಜೂನ್ ದಾಟಿದ್ರೆ ತಿಂಗಳಿಗೆ 2 ಪರ್ಸೆಂಟ್ ದಂಡ, ಇದನ್ನೂ ಹೇಳ್ಬಿಡಿ, ಬಾಕಿ ಇಟ್ಕೊಂಡಿರೋರು ಎಷ್ಟು ಮನೆ ಅಂತ ಪ್ರಾಮಾಣಿಕವಾಗಿ ಎಣಿಸಿ. ನಾವು ಬಾಕಿ ಇಟ್ಕೊಂಡು ಕೇಳೋಕೆ ಹೋದ್ರೆ ಮೊದಲನೇ ಪ್ರಶ್ನೆ ನಮಗೇ ಬರುತ್ತೆ.

ಹೊರಗಿಂದ ಬರೋ ಅನುದಾನಕ್ಕೂ ಷರತ್ತುಗಳಿವೆ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ದುಡ್ಡಲ್ಲಿ ನಮ್ಮಂಥ ಊರುಗಳಿಗೆ ಬರೋದ್ರಲ್ಲಿ 60 ಪರ್ಸೆಂಟ್ ಕುಡಿಯೋ ನೀರು ಮತ್ತೆ ನೈರ್ಮಲ್ಯಕ್ಕೇ ಅಂತ ಕಟ್ಟಿಹಾಕಿದ್ರು, ಅದನ್ನ ಪಾರ್ಕಿನ ಬೆಂಚಿಗೆ ಹಾಕೋಕೆ ಬರ್ತಿರ್ಲಿಲ್ಲ. ಹಂಗೇ ನಗರಸಭೆಯ ದುಡ್ಡಲ್ಲಿ ಪರಿಶಿಷ್ಟ ಜಾತಿ, ಪಂಗಡದೋರಿಗೆ 24.10, ಇತರೆ ಬಡವರಿಗೆ 7.25, ವಿಕಲಚೇತನರಿಗೆ 5 ಪರ್ಸೆಂಟ್ ಅಂತ ಮೀಸಲು ಇದೆ. ನಿಮ್ಮ ಬೀದಿಯಲ್ಲಿ ಆ ಸೌಲಭ್ಯಕ್ಕೆ ಅರ್ಹರು ಇದ್ದು ಅವ್ರಿಗೆ ಗೊತ್ತೇ ಇಲ್ಲ ಅಂದ್ರೆ, ಅವ್ರು ಒಪ್ಪಿದ್ರೆ ಮಾತ್ರ, ಬೇರೆ ಹಾಳೆಯಲ್ಲಿ ಬರ್ಕೊಂಡು ಅರ್ಜಿಗೆ ಸಹಾಯ ಮಾಡಿ.

"ತೆರಿಗೆ ಜಾಸ್ತಿ ಮಾಡ್ಬಹುದಾ?" ಅಂತ ಯಾರನ್ನೂ ಕೇಳ್ಬೇಡಿ, ಉತ್ತರ ಗೊತ್ತಿರೋದೇ. "ದಿನ ಬಿಟ್ಟು ದಿನ ಬೆಳಿಗ್ಗೆ ಆರಕ್ಕೆ ಗ್ಯಾರಂಟಿ ನೀರು ಬಂದ್ರೆ ತಿಂಗಳಿಗೆ 50 ರೂಪಾಯಿ ಜಾಸ್ತಿ ಕೊಡ್ತೀರಾ?" ಅಂತ ಕೇಳಿ. ನಮ್ಮ ಬೀದಿಯಲ್ಲಿ ಒಬ್ರು ಅಜ್ಜಿ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಮೊದ್ಲು ನೀರು ಬರ್ಲಿ ಮಗ, ಆಮೇಲೆ ಕೊಡ್ತೀನಿ" ಅಂದ್ರು. ಹೌದು, ಇಲ್ಲ ಅನ್ನೋ ಎರಡೇ ಕಾಲಂ ಮಾಡ್ಕೊಂಡು ಹೋಗಿದ್ವಿ, ಅಜ್ಜಿ ಮಾತಿಗೆ ಮೂರನೇ ಕಾಲಂ ಹಾಕಿದ್ವಿ, ಕೊನೆಗೆ ಎಣಿಸಿದಾಗ ಜಾಸ್ತಿ ಜನ ಆ ಕಾಲಮ್ಮಲ್ಲೇ ಇದ್ರು.

ಹಾಳೆ ಮೇಲೆ ಹೆಸರು, ಫೋನ್ ನಂಬರು ಬರೀಬೇಡಿ, ಯಾವ ಪಾರ್ಟಿ ಅಂತಂತೂ ಕೇಳ್ಲೇಬೇಡಿ. ಮನೆಗೊಂದು ಕ್ರಮಸಂಖ್ಯೆ ಸಾಕು. ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ರೆ ಕೆಲಸ ಮುಗೀತು ಅಂದ್ಕೋಬೇಡಿ, ಅದನ್ನ ತುಂಬೋರು ಆಗ್ಲೇ ಮಾತಾಡೋ ಅಭ್ಯಾಸ ಇರೋರು. ಎಣಿಕೆ ಇಬ್ರು ಬೇರೆ ಬೇರೆ ಕೂತು ಮಾಡಿ, ಹೊಂದಾಣಿಕೆ ಆಗದಿದ್ರೆ ಮತ್ತೆ ಹಾಳೆ ತೆಗೀರಿ. ಸರಿ ಇದೆ ಅಂತ ಜನ ಹೇಳಿದ್ದನ್ನೂ ಬರೀರಿ, ಎಲ್ಲಾ ಕೆಟ್ಟದ್ದೇ ಬರ್ದ ವರದಿನ ಯಾರೂ ನಂಬಲ್ಲ.

ಬೇಸಿಗೆಯಲ್ಲಿ ಕೇಳಿದ್ರೆ ನೀರೇ ಮೊದಲು, ಜುಲೈಯಲ್ಲಿ ಕೇಳಿದ್ರೆ ಚರಂಡಿ ಮೊದಲು. ಹಂಗಾಗಿ ಏಪ್ರಿಲ್‌ಗೆ ಒಂದು ಸಲ, ಮಳೆಗಾಲದ ಮಧ್ಯ ಒಂದು ಸಲ ಅದೇ ಪ್ರಶ್ನೆ ಕೇಳಿ, ಎರಡನ್ನೂ ಸೇರಿಸಿ ನವೆಂಬರ್ ಹೊತ್ತಿಗೆ ಎರಡು ಪುಟದ ವರದಿ ಮಾಡಿ. ಯಾಕೆ ನವೆಂಬರ್ ಅಂದ್ರೆ ಬಜೆಟ್ಟಿನ ಮುಂಚೆ ಸಾರ್ವಜನಿಕರ ಪೂರ್ವಭಾವಿ ಸಭೆ ಕರೀತಾರೆ, ಅದರ ಪ್ರಕಟಣೆ ಪೇಪರಲ್ಲಿ ಬರುತ್ತೆ, ಅಷ್ಟೊತ್ತಿಗೆ ಕಾಗದ ಕೈಯಲ್ಲಿರ್ಬೇಕು. ಅದಕ್ಕೂ ಮುಂಚೆ ಹೋದ ವರ್ಷದ ಬಜೆಟ್ ಪ್ರತಿ ಕೇಳಿ ತಗೊಳ್ಳಿ. ಸಿಗದಿದ್ರೆ ಮಾಹಿತಿ ಹಕ್ಕಿನ ಅರ್ಜಿ, ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ, 30 ದಿನದಲ್ಲಿ ಉತ್ತರ ಕೊಡ್ಬೇಕು. "ನಮ್ಮ ವಾರ್ಡಿಗೆ ಏನು ಖರ್ಚಾಗಿದೆ" ಅಂತ ಸುಮ್ನೆ ಕೇಳ್ಬೇಡಿ, ಯಾವ ವರ್ಷ, ಯಾವ ಕಾಮಗಾರಿ, ಬಿಲ್ ಮೊತ್ತ ಅಂತ ಬಿಡಿಸಿ ಕೇಳಿ.

ವರದಿಯ ಮೊದಲ ಪುಟದಲ್ಲಿ ಮೂರೇ ಬೇಡಿಕೆ ಇರ್ಲಿ, ಪ್ರತಿಯೊಂದರ ಪಕ್ಕ ಎಷ್ಟು ಮನೆ ಹೇಳಿದ್ರು, ಯಾರ ವ್ಯಾಪ್ತಿ, ಯಾವ ದುಡ್ಡಲ್ಲಿ ಮಾಡ್ಬಹುದು ಅಂತ ಒಂದೊಂದು ಸಾಲು. ನಾವು ಮೊದಲು ಹದಿನೇಳು ಬೇಡಿಕೆ ಬರ್ಕೊಂಡು ಒಂದು ಆಫೀಸಿಗೆ ಹೋಗಿದ್ವಿ, ಅವ್ರು ಎರಡನೇ ಪುಟ ತಿರುಗಿಸ್ಲೇ ಇಲ್ಲ. ವಾರ್ಡ್ ಸದಸ್ಯರಿಗೆ ಒಂದು ಪ್ರತಿ, ಪೌರಾಯುಕ್ತರಿಗೆ ಒಂದು ಪ್ರತಿ, ಮೂರನೇ ಪ್ರತಿ ಮೇಲೆ ಸ್ವೀಕೃತಿ ಸೀಲು ಮತ್ತೆ ತಾರೀಕು ಹಾಕಿಸ್ಕೊಳ್ಳದೆ ಎದ್ದು ಬರ್ಬೇಡಿ. ಆ ಸೀಲಿರೋ ಪ್ರತಿಯ ಜೆರಾಕ್ಸ್‌ನ ಬೀದಿ ಅಂಗಡಿ ಗೋಡೆಗೆ ಅಂಟಿಸಿ, ಉತ್ತರ ಕೊಟ್ಟ ನಲವತ್ತು ಮನೆಯೋರೂ ಹಾಲು ತಗೊಳ್ಳೋಕೆ ಅಲ್ಲಿಗೇ ಬರ್ತಾರೆ, ಕೆಳಗೆ ಜಾಗ ಬಿಟ್ಟಿರಿ, ಯಾವ ಕೆಲಸ ಯಾವ ದಿನ ಆಯ್ತು ಅಂತ ಪೆನ್ನಲ್ಲಿ ಬರೆಯೋಕೆ.